ಕಾಲು ಅದ್ದುವ ಮೊದಲು ಒಂದು ಮಾತು ಕೇಳಿ

ಮಾನ್ಯರೇ,

ಚೀನಾದ ಪಾದ ಮಸಾಜ್ ಶುರುವಾಗುವುದೇ ಬಿಸಿನೀರಿನಿಂದ. ಗಿಡಮೂಲಿಕೆ ಹಾಕಿದ ನೀರಿನಲ್ಲಿ ಕಾಲು ನೆನೆಸಿ, ಆಮೇಲೆ ಅಂಗಾಲು ಒತ್ತುತ್ತಾರೆ. ಅಂಗಾಲಿನ ಮುಂಭಾಗದ ತಗ್ಗಿಗೆ ಅವರು ‘ಯೊಂಗ್‌ಚ್ವಾನ್’, ಅಂದರೆ ಚಿಮ್ಮುವ ಚಿಲುಮೆ ಅನ್ನುತ್ತಾರೆ. ಚೆಂದದ ಹೆಸರು, ಅಲ್ವಾ? ದಣಿದ ಕಾಲಿಗೆ ಅಲ್ಲಿ ಹೆಬ್ಬೆರಳು ಊರಿದರೆ ನಿಜಕ್ಕೂ ಹಾಯೆನಿಸುತ್ತದೆ.

ಆದರೆ ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಅಂಗಾಲು ಜೋಮು. ಮಸಾಜ್ ಅಂಗಡಿಯಲ್ಲಿ ನೀರು ಸುಡುತ್ತಿದ್ದದ್ದೇ ಅವರಿಗೆ ಗೊತ್ತಾಗಲಿಲ್ಲ. ಮನೆಗೆ ಬಂದು ನೋಡಿದರೆ ಕಿರುಬೆರಳ ಪಕ್ಕ ಬೊಬ್ಬೆ. ಗಾಯ ಮಾಯಲು 5 ವಾರ ಬೇಕಾಯಿತು. ‘ಶುಗರ್ ಇದೆಯಾ ಅಮ್ಮಾ’ ಅಂತ ಮೊದಲೇ ಒಂದು ಮಾತು ಕೇಳಬಾರದಿತ್ತೇ? ಅಂಗಾಲಿನ ಒಂದೊಂದು ಜಾಗಕ್ಕೂ ದೇಹದ ಒಂದೊಂದು ಅಂಗ ಗುರುತು ಮಾಡಿದ ಪಾದದ ನಕ್ಷೆ ತೋರಿಸಿ, ಅಲ್ಲಿ ಒತ್ತಿ ಕಿಡ್ನಿ, ಲಿವರ್ ವಾಸಿ ಮಾಡುತ್ತೇವೆ ಅಂದರೆ ದಯವಿಟ್ಟು ನಂಬಬೇಡಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ.

– ಓದುಗ, ಮೈಸೂರು