ವಿಧಾನಸೌಧ ಕಟ್ಟಿದವರ ಹೆಸರು ಹುಡುಕಿಸಿ: ಸಭಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ ಸನ್ಮಾನ್ಯ ಸಭಾಧ್ಯಕ್ಷರಿಗೆ,

ನಮಸ್ಕಾರ. ವಿಧಾನಸೌಧವನ್ನು ಜನರಿಗೆ ಒಳಗಿನಿಂದ ತೋರಿಸುವ ಕೆಲಸ ಶುರುವಾಗಿದ್ದು ಬಹಳ ಸಂತೋಷದ ವಿಷಯ. ಈ ಹೊತ್ತಿನಲ್ಲೇ ನಿಮ್ಮಲ್ಲಿ ಒಂದು ಕೋರಿಕೆ. ಆ ಕಟ್ಟಡಕ್ಕಾಗಿ ದುಡಿದ ಕೂಲಿಯವರು, ಕಲ್ಲುಕುಟಿಗರು, ಬಡಗಿಗಳು ಮತ್ತು ಕೈದಿಗಳ ಹೆಸರುಗಳನ್ನು ಹುಡುಕಿಸಿ, ಅದೇ ಆವರಣದಲ್ಲಿ ಕೆತ್ತಿಸಿ.

ಕಟ್ಟಿಸಿದವರ ಕಥೆ ನಮಗೆಲ್ಲ ಗೊತ್ತು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು. ಆಗ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ, ಯೋಜನೆಯೂ ಸರಳವಾಗಿತ್ತು. ಮರುವರ್ಷ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟರು. ನಮ್ಮ ನಾಡಿನ ದೇವಸ್ಥಾನ, ಅರಮನೆಗಳ ನೆನಪು ತರುವಂಥ ಕಟ್ಟಡ ಬೇಕು ಎಂದು ಪಟ್ಟು ಹಿಡಿದರು. ಬಿ.ಆರ್. ಮಾಣಿಕ್ಯಂ ಅವರು ಅದಕ್ಕೆ ರೂಪ ಕೊಟ್ಟರು. ಖರ್ಚು ಸುಮಾರು ಒಂದೂಮುಕ್ಕಾಲು ಕೋಟಿಗೆ ಏರಿತು, ಟೀಕೆಯೂ ಜೋರಾಗಿಯೇ ಬಂತು. ಕಟ್ಟಡ ಮುಗಿದ 1956ರಲ್ಲೇ ಹನುಮಂತಯ್ಯನವರು ಅಧಿಕಾರ ಬಿಡಬೇಕಾಯಿತು. ಅಷ್ಟು ಹಟ ಮಾಡಿದ್ದಕ್ಕೆ ನಾಡು ಅವರಿಗೆ ಋಣಿ ಎಂದೇ ನನ್ನ ಭಾವನೆ. ಅವರ ಪ್ರತಿಮೆ ಆವರಣದಲ್ಲಿರುವುದು ನ್ಯಾಯವೇ.

ಆದರೆ ಕಲ್ಲಿನ ಕಡೆ ಸ್ವಲ್ಪ ನೋಡಿ. ಬೇಲೂರು, ಹಳೇಬೀಡಿನಲ್ಲಿ ಶಿಲ್ಪಿಗಳ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆದು, ಉಳಿಗೆ ಬೇಗ ಬಗ್ಗುತ್ತದೆ. ವಿಧಾನಸೌಧದ್ದು ಗ್ರಾನೈಟ್. ಮಲ್ಲಸಂದ್ರ, ಹೆಸರಘಟ್ಟದ ಸುತ್ತಮುತ್ತಲಿಂದ ಬಂದ ಗಟ್ಟಿ ಕಲ್ಲು. ಅಲಂಕಾರಕ್ಕೆ ಮಾಗಡಿ, ತುರುವೇಕೆರೆಯ ಬಣ್ಣದ ಕಲ್ಲು. ಮುಂಭಾಗದಲ್ಲಿ 40 ಅಡಿ ಎತ್ತರದ 12 ಕಂಬಗಳಿವೆ. ಅಲ್ಲಿಗೆ ಹತ್ತುವ ಮೆಟ್ಟಿಲಸಾಲಿನ ಅಗಲವೇ 200 ಅಡಿಗಿಂತ ಜಾಸ್ತಿ. ನಡುವಿನ ಗುಮ್ಮಟದ ವ್ಯಾಸ 60 ಅಡಿ. ಇಂಥ ಗಟ್ಟಿ ಕಲ್ಲಿನಲ್ಲಿ ಅಂಚು ಹೊಡೆದು, ಬಳ್ಳಿ, ಹೂವು ಬಿಡಿಸುವುದು ಸುಮ್ನೆ ಮಾತಲ್ಲ. ಒಂದು ಏಟು ತಪ್ಪಿದರೆ ಅಷ್ಟು ದಿನದ ಕೆಲಸ ಹಾಳು. ಸಚಿವ ಸಂಪುಟದ ಕೋಣೆಯ ಗಂಧದ ಮರದ ಬಾಗಿಲನ್ನು ಮೆಚ್ಚದವರಿಲ್ಲ. ಅದನ್ನು ಕೊರೆದ ಕೈ ಯಾರದ್ದು?

ಸುಮಾರು 5,000 ಕೂಲಿಯವರು, 1,500 ಕುಶಲಕರ್ಮಿಗಳು ದುಡಿದರು ಎಂದು ಹೇಳುತ್ತಾರೆ. ಕೂಲಿಯವರಲ್ಲಿ ಜೈಲಿನ ಕೈದಿಗಳೂ ಇದ್ದರು, ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತು. ಜನರಾಜ್ಯದ ಶಾಸನಸಭೆಯನ್ನು ಕಟ್ಟಿ ತಮ್ಮ ಬಿಡುಗಡೆ ಪಡೆದ ಮನುಷ್ಯರು ಅವರು! ಇದಕ್ಕಿಂತ ದೊಡ್ಡ ಕಥೆಯನ್ನು ಶಾಲಾ ಮಕ್ಕಳಿಗೆ ಆ ಕಟ್ಟಡ ಹೇಳಲಾರದು. ಆದರೂ ಪ್ರತಿಯೊಂದು ಕಡೆ ಅವರು ಬರೀ ಒಂದು ಸಂಖ್ಯೆ.

ಹೆಸರು ಸಿಗುವುದು ಕಷ್ಟ ಅನ್ನಬಹುದು. ಪ್ರಯತ್ನವನ್ನಂತೂ ಮಾಡಬಹುದು, ಅಲ್ವಾ? ಲೋಕೋಪಯೋಗಿ ಇಲಾಖೆಯ ಹಳೆಯ ಹಾಜರಿ ಪಟ್ಟಿಗಳು, ಕೂಲಿ ಬಟವಾಡೆಯ ಲೆಕ್ಕಗಳು, ಜೈಲಿನ ದಾಖಲೆಗಳು ಎಲ್ಲಿವೆ, ಎಷ್ಟು ಉಳಿದಿವೆ ಎಂದು ನೋಡಿಸಿ. ರಾಜ್ಯ ಪತ್ರಾಗಾರ ಇಲಾಖೆಯವರಿಗೆ ಈ ಕೆಲಸ ಒಪ್ಪಿಸಿ. ಮಲ್ಲಸಂದ್ರ, ಮಾಗಡಿ, ತುರುವೇಕೆರೆ ಕಡೆಯ ಪಂಚಾಯಿತಿಗಳಿಗೆ ಒಂದು ಪ್ರಕಟಣೆ ಕಳಿಸಿ: ನಿಮ್ಮ ಮನೆಯ ಹಿರಿಯರು ಅಲ್ಲಿ ದುಡಿದಿದ್ದರೆ ಬಂದು ತಿಳಿಸಿ ಎಂದು. ಆಗ ಇಪ್ಪತ್ತರ ಹುಡುಗನಾಗಿದ್ದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮಾತು ದಾಖಲಾಗಬೇಕಾದರೆ ಈಗಲೇ ಆಗಬೇಕು.

ಹುಡುಕಾಟ ಮುಗಿಯುವವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ವಿಧಾನಸೌಧ ತೋರಿಸುವ ಗೈಡ್‌ಗಳು ಜನರಿಗೆ ಈ ಕೈದಿಗಳ, ಕಲ್ಲುಕುಟಿಗರ ವಿಷಯವನ್ನೂ ಹೇಳಲಿ. ಕಲ್ಲು ಯಾವ ಊರಿನದು ಎಂದು ಬರೆದ ಫಲಕಗಳನ್ನು ಕಂಬಗಳ ಹತ್ತಿರ ಹಾಕಿಸಿ. ಇದಕ್ಕೆ ನಿಮ್ಮ ಕಚೇರಿಯಿಂದ ಒಂದು ಪತ್ರ ಹೋದರೆ ಸಾಕು.

ಈ ಬಗ್ಗೆ ನಿಮ್ಮ ತೀರ್ಮಾನವನ್ನು ಸದನದಲ್ಲೇ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ವಿಶ್ವಾಸದಿಂದ,
ಬೆಂಗಳೂರಿನ ಒಬ್ಬ ಮತದಾರ