ಬೊಜ್ಜಿನ ಆಪರೇಷನ್‌ಗೆ ಮುಂಚೆ ವೀರ್ಯ ಪರೀಕ್ಷೆ ಮಾಡಿಸಿ

ಸಂಪಾದಕರೇ,

ಮದುವೆಯಾಗಿ ನಾಲ್ಕೈದು ವರ್ಷ ಮಕ್ಕಳಾಗದಿದ್ದರೆ ಮೈಸೂರು, ಮಂಡ್ಯ ಕಡೆ ಇಂದಿಗೂ ಸ್ಕ್ಯಾನಿಂಗ್‌ಗೆ ಮೊದಲು ಹೋಗುವವಳು ಹೆಂಡತಿ. ನೂರಿಪ್ಪತ್ತು ಕಿಲೋ ತೂಗುವ ಗಂಡನನ್ನು ಪರೀಕ್ಷಿಸುವ ಮಾತೇ ಬರುವುದಿಲ್ಲ. ಇನ್ನು ಜಠರವನ್ನು ಚಿಕ್ಕದು ಮಾಡುವ ಬೊಜ್ಜಿನ ಆಪರೇಷನ್‌ಗೆ ಮುಂದಾಗುವ ಗಂಡಸರಲ್ಲಿ ಅನೇಕರು ತೂಕ ಇಳಿದರೆ ಮಕ್ಕಳೂ ಆಗುತ್ತವೆ ಎಂದು ನಂಬಿರುತ್ತಾರೆ. ಇದು ಅರ್ಧ ನಿಜ.

ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೊಜೆನ್ನಾಗಿ ಬದಲಿಸುತ್ತದೆ. ಈಸ್ಟ್ರೊಜೆನ್ ಏರಿದಾಗ ಟೆಸ್ಟೋಸ್ಟಿರಾನ್, ವೀರ್ಯಾಣು ತಯಾರಿಸಲು ಮೆದುಳು ವೃಷಣಗಳಿಗೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು ತಗ್ಗುತ್ತವೆ. ಆಪರೇಷನ್ ಆಗಿ ತೂಕ ಇಳಿಯುತ್ತಿದ್ದಂತೆ ಈ ಸರಪಳಿ ಸಡಿಲಗೊಂಡು ಟೆಸ್ಟೋಸ್ಟಿರಾನ್ ಏರುತ್ತದೆ, ಲೈಂಗಿಕ ಶಕ್ತಿಯೂ ಸಾಮಾನ್ಯವಾಗಿ ಸುಧಾರಿಸುತ್ತದೆ. ಆದರೆ ವೀರ್ಯಾಣುಗಳ ಕಥೆ ಬೇರೆ. ಕೆಲವರಲ್ಲಿ ಸಂಖ್ಯೆ ಏರುತ್ತದೆ, ಹಲವರಲ್ಲಿ ಇದ್ದಷ್ಟೇ ಇರುತ್ತದೆ, ತೂಕ ಸರ್ರನೆ ಇಳಿಯುವ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಕುಸಿದದ್ದೂ ವೈದ್ಯಕೀಯದಲ್ಲಿ ದಾಖಲಾಗಿದೆ.

ಆದ್ದರಿಂದ ಆಪರೇಷನ್‌ಗೆ ಮುಂಚಿನ ಪರೀಕ್ಷೆಗಳಲ್ಲಿ ಇಸಿಜಿ, ಥೈರಾಯ್ಡ್ ಜೊತೆಗೆ ವೀರ್ಯ ಪರೀಕ್ಷೆಯೂ ಇರಲೇಬೇಕು. 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮವಿಟ್ಟು ಮಾದರಿ ಕೊಡಬೇಕು. ವೀರ್ಯಾಣು ಮಿಲಿಲೀಟರಿಗೆ 1.6 ಕೋಟಿಗಿಂತ ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿ. ತೀರಾ ಕಡಿಮೆಯಿದ್ದು ಮಕ್ಕಳು ಬೇಕೆನ್ನುವವರು ಆಪರೇಷನ್‌ಗೆ ಮುಂಚೆಯೇ ವೀರ್ಯ ಶೈತ್ಯೀಕರಿಸಿ ಇಡಿಸುವುದು ಕ್ಷೇಮ. ಟೆಸ್ಟೋಸ್ಟಿರಾನ್ ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ಕೊಡಬೇಕು. ದಪ್ಪಗಿರುವವರಲ್ಲಿ ಈ ಹಾರ್ಮೋನನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಪ್ರೋಟೀನೇ ಕಡಿಮೆ. ಅದನ್ನು ಅಳೆಯದೆ ಒಟ್ಟು ಅಂಕಿಯೊಂದನ್ನೇ ನೋಡಿದರೆ ಇಲ್ಲದ ಕೊರತೆ ಇದ್ದಂತೆ ಕಾಣುತ್ತದೆ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. ವರದಿಯಲ್ಲಿ ಕಡಿಮೆ ಎಂದು ಕಂಡದ್ದೇ ತಡ, ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾರೆ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನೇ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯಬಹುದು. ಬಿಟ್ಟ ಮೇಲೆ ಮರಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮಕ್ಕಳ ಆಸೆಯಿರುವವರು ಈ ಸೂಜಿಯ ಹತ್ತಿರ ಸುಳಿಯಬಾರದು.

ಆಪರೇಷನ್ ಆದ ಮೇಲೆ ಊಟದ ವಿಚಾರ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದಿರುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ, ತುತ್ತು ಸಿಕ್ಕಿಕೊಂಡು ವಾಂತಿಯಾಗುತ್ತದೆ. ಜಠರವನ್ನು ಚಿಕ್ಕದು ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಬೈಪಾಸ್ ಆದವರು ಕಬ್ಬಿನ ಹಾಲು, ಮೈಸೂರು ಪಾಕ್ ಮುಟ್ಟಿದರೆ ಎದೆ ಡವಡವ, ಬೆವರು, ಭೇದಿ ಆಗಬಹುದು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ 100 ಗ್ರಾಮ್ ಹಿಟ್ಟಿಗೆ ಪ್ರೋಟೀನ್ ಸುಮಾರು 7 ಗ್ರಾಮ್ ಮಾತ್ರ. ದಿನಕ್ಕೆ ಕನಿಷ್ಠ 60 ಗ್ರಾಮ್ ಬೇಕಾದ್ದರಿಂದ ಮೊಟ್ಟೆ, ಮೀನು, ಮೊಸರು, ಮೊಳಕೆ ಕಾಳನ್ನು ಮೊದಲು ತಿಂದು ಆಮೇಲೆ ಉಳಿದದ್ದು. ಸತು, ಫೋಲೇಟ್, ಬಿ12 ಕೊರತೆಯಾದರೆ ವೀರ್ಯಾಣುವಿಗೂ ಪೆಟ್ಟು, ಇವುಗಳ ಮಾತ್ರೆ ಬಿಡುವಂತಿಲ್ಲ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ 2 ಗಂಟೆ ಅಂತರವಿರಲಿ.

ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಹಾಗಾಗಿ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಗಾಬರಿಯಾಗುವುದು ಬೇಡ, 3 ತಿಂಗಳ ಅಂತರ ಸಾಕು. ಹೆಂಡತಿಗೆ 35 ದಾಟಿದ್ದರೆ ಮಾತ್ರ ತೂಕ ಇಳಿಯಲಿ ಎಂದು ಕಾಯುತ್ತ ಕೂರದೆ, ಇಬ್ಬರೂ ಒಟ್ಟಿಗೆ ಬಂಜೆತನ ತಜ್ಞರನ್ನು ಕಂಡ ಮೇಲೆಯೇ ಆಪರೇಷನ್ ದಿನ ಗೊತ್ತುಮಾಡಲಿ.

– ಇಬ್ಬರು ವೈದ್ಯರು, ಮೈಸೂರು