ಮಗಳಿಗೊಂದು ಪತ್ರ: ನಮ್ಮ ಹಳೇ ಕಂಪ್ಯೂಟರಿನಲ್ಲಿ ನಿನ್ನ ಗೇಮ್ ಓಡುತ್ತದೆ

ತುಮಕೂರು

ಪ್ರೀತಿಯ ಪುಟ್ಟಿ,

ಪರೀಕ್ಷೆ ಮುಗಿಸಿ ರಜೆಗೆ ಬಂದಾಗ, ಆಟಕ್ಕೆ ಹೊಸ ವಸ್ತು, ಯಂತ್ರ ಸೇರಿಸುವ ಮಾಡ್‌ ಹಾಕಿದ ಮೈನ್‌ಕ್ರಾಫ್ಟ್ ನಮ್ಮ ಮನೆ ಕಂಪ್ಯೂಟರಿನಲ್ಲಿ ಓಡುತ್ತಾ ಅಂತ ಫೋನಿನಲ್ಲಿ ಕೇಳಿದೆ. ನಾನು ಉತ್ತರ ಹೇಳುವ ಮೊದಲೇ "ಆಗಲ್ಲ ಅಂದ್ರೆ ಬಿಡಪ್ಪ" ಅಂದುಬಿಟ್ಟೆ. ಯಾಕೆ ಬಿಡಬೇಕು? ನಿನ್ನ ಗೆಳತಿಯರು ಹೇಳುತ್ತಿರುವ ಮುನ್ನೂರು ಮಾಡ್‌ಗಳ ಪ್ಯಾಕ್ ಇದರಲ್ಲಿ ಓಡುವುದಿಲ್ಲ, ಅದು ನಿಜ. ಆದರೆ ನೋಡಿ ಆರಿಸಿದ ಒಂದು ಪ್ಯಾಕ್ ಚೆನ್ನಾಗಿಯೇ ಓಡುತ್ತದೆ. ಹೇಗೆ ಅನ್ನುವುದನ್ನು ಫೋನಿನಲ್ಲಿ ಹೇಳುವುದು ಕಷ್ಟ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಮದುವೆ ಕಾರ್ಡು, ಕರಪತ್ರ, ಬಾಡಿಗೆ ಕರಾರು ಎಲ್ಲಾ ಟೈಪ್ ಮಾಡಿದ ಮಷೀನು ಅದು. ಒಳಗಿರುವುದು ಇಂಟೆಲ್‌ನ ಐ5-3470 ಪ್ರೊಸೆಸರ್, 2012ರಲ್ಲಿ ಬಂದದ್ದು. ನಿನ್ನ ಗೇಮ್ ಪೂರ್ತಿಯಾಗಿ ಹೊರಬಂದದ್ದು 2011ರ ನವೆಂಬರ್‌ನಲ್ಲಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಆದರೆ ಗೇಮ್ ಬೆಳೆಯುತ್ತಾ ಹೋಯಿತು, ಮಷೀನು ಹಾಗೇ ಉಳಿಯಿತು. 1.18 ವರ್ಷನ್‌ನಲ್ಲಿ ಆ ಲೋಕದ ಎತ್ತರವೇ 256 ಬ್ಲಾಕಿನಿಂದ 384ಕ್ಕೆ ಏರಿತು. ಅಷ್ಟೂ ಜಾಗವನ್ನು ಕಂಪ್ಯೂಟರ್ ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಲೆಕ್ಕ ಹಾಕಬೇಕು.

ಮೊದಲು ಒಂದು ವಿಷಯ ತಿಳಿದುಕೋ. ಗೇಮ್ ಕುಂಟಿದರೆ ಎಲ್ಲರೂ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತಾರೆ. ಮೈನ್‌ಕ್ರಾಫ್ಟ್ ವಿಷಯದಲ್ಲಿ ಅದು ಅರ್ಧ ಮಾತ್ರ ಸರಿ. ಈ ಗೇಮ್ ತನ್ನ ಲೋಕವನ್ನು ಸೆಕೆಂಡಿಗೆ 20 ಸಲ ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಟಿಕ್ ಅನ್ನುತ್ತಾರೆ. ಅಂದರೆ ಒಂದೊಂದು ಟಿಕ್‌ಗೆ 50 ಮಿಲಿಸೆಕೆಂಡ್. ಅಷ್ಟರೊಳಗೆ ಕೋಳಿ ನಡೆಯಬೇಕು, ಪೈರು ಬೆಳೆಯಬೇಕು, ನೀವು ಕಟ್ಟಿದ ಕಾರ್ಖಾನೆಯ ಪೈಪು, ಬೆಲ್ಟು ಎಲ್ಲಾ ತಿರುಗಬೇಕು. ಈ ಕೆಲಸದ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ ಮೇಲೆ ಬೀಳುತ್ತದೆ. ನಮ್ಮದರಲ್ಲಿ ನಾಲ್ಕು ಕೋರ್ ಇವೆ. ಆದರೆ ನಾಲ್ಕು ಜನ ಅಡುಗೆಯವರಿದ್ದೂ ಸೌಟು ಒಬ್ಬನ ಕೈಯಲ್ಲೇ ಇದ್ದ ಹಾಗೆ. ಯಂತ್ರಗಳ ಮಾಡ್‌ ಜಾಸ್ತಿಯಾದಷ್ಟೂ ಆ ಒಂದು ಕೋರ್ ಸೋಲುತ್ತದೆ.

ಹಾಗಾಗಿ ಗೇಮ್ ಹೇಗೆ ಕುಂಟುತ್ತದೆ ಅನ್ನುವುದನ್ನು ಗಮನಿಸು, ಕಾರಣ ತಾನಾಗಿ ಗೊತ್ತಾಗುತ್ತದೆ. ಮೌಸ್ ತಿರುಗಿಸಿದಾಗ ನೋಟವೇ ತಡೆದು ತಡೆದು ಬಂದರೆ ಗ್ರಾಫಿಕ್ಸ್ ಸಾಲುತ್ತಿಲ್ಲ. ನೋಟ ಸಲೀಸಾಗಿ ತಿರುಗುತ್ತಿದೆ, ಆದರೆ ಒಡೆದ ಬ್ಲಾಕ್ ಮತ್ತೆ ವಾಪಸ್ ಬರುತ್ತಿದೆ, ದನಕರು ನಿಂತಲ್ಲೇ ನಿಂತು ಆಮೇಲೆ ನೆಗೆಯುತ್ತಿವೆ ಅಂದರೆ ಪ್ರೊಸೆಸರಿಗೆ ಆ 50 ಮಿಲಿಸೆಕೆಂಡ್ ಸಾಕಾಗುತ್ತಿಲ್ಲ. ಆಗಾಗ ಇಡೀ ಪರದೆ ಒಂದು ಕ್ಷಣ ನಿಂತು ಮತ್ತೆ ಹೊರಟರೆ, ಕಂಪ್ಯೂಟರಿನ ಕೆಲಸದ ನೆನಪು ಅಂದರೆ ರ‍್ಯಾಮ್ ತುಂಬಿ, ಗೇಮನ್ನು ಓಡಿಸುವ ಜಾವಾ ಅಲ್ಲಿನ ಬೇಡದ ಕಸ ಗುಡಿಸುತ್ತಿದೆ ಅಂತ. ಎಫ್3 ಒತ್ತಿದರೆ ಬಲಗಡೆ ಮೇಲೆ ಮೆಮೊರಿ ಎಷ್ಟು ತುಂಬಿದೆ ಅಂತ ಕಾಣುತ್ತದೆ.

ರ‍್ಯಾಮ್‌ ವಿಷಯದಲ್ಲೇ ನಾನು ಮೊದಲು ದುಡ್ಡು ಹಾಕುವುದು. ಈಗ ಇರುವುದು 4 ಜಿಬಿಯ ಒಂದೇ ಸ್ಟಿಕ್. ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಮಾಡ್‌ಗಳಿಗೆ ಏನೂ ಮಿಗುವುದಿಲ್ಲ. ನಮ್ಮ ಮದರ್‌ಬೋರ್ಡು ಎಚ್61. ಅದು 16 ಜಿಬಿವರೆಗೆ ತಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಡಿಡಿಆರ್3 ಸ್ಟಿಕ್ ಇನ್ನೂ ಸಿಗುತ್ತವೆ. 8 ಜಿಬಿಯ ಎರಡು ಸ್ಟಿಕ್, ಒಂದು ಜೊತೆ ತರುತ್ತೇನೆ. ಜೊತೆಯೇ ಬೇಕು, ಯಾಕೆ ಗೊತ್ತಾ? ನಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಎಚ್‌ಡಿ 2500 ಗ್ರಾಫಿಕ್ಸ್ ಈ ರ‍್ಯಾಮ್‌ನಿಂದಲೇ ಚಿತ್ರ ಎಳೆದುಕೊಳ್ಳುತ್ತದೆ. 1600 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 12.8 ಜಿಬಿ ಸಾಗಿಸಬಲ್ಲದು. ಎರಡು ಒಟ್ಟಿಗೆ ಕೂತರೆ ಅದರ ಎರಡರಷ್ಟು.

ಆದರೆ 16 ಜಿಬಿ ಇದೆ ಅಂತ ಅಷ್ಟನ್ನೂ ಗೇಮಿಗೆ ಸುರಿಯಬೇಡ. ಗೇಮ್ ತೆರೆಯುವ ಲಾಂಚರ್ ತಾನಾಗಿ ಕೊಡುವ ಪಾಲು ಮಾಡ್‌ಗಳಿಗೆ ಸಾಲದಿರಬಹುದು. ನೀನು ಅದನ್ನು 4 ಅಥವಾ 5 ಜಿಬಿಗೆ ಇಡು, ಸಾಕು. ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಕೊಟ್ಟರೆ ಗುಡಿಸುವ ಕಸವೂ ರಾಶಿಯಾಗುತ್ತದೆ, ನಿಲ್ಲುವ ಹೊತ್ತೂ ಉದ್ದವಾಗಬಹುದು. ಜಾವಾ 64 ಬಿಟ್‌ನದ್ದೇ ಇರಲಿ. 32 ಬಿಟ್ ಜಾವಾ ಇದ್ದರೆ ನೀನು 4 ಜಿಬಿ ಅಂತ ಬರೆದರೂ ಗೇಮ್ ಶುರುವಾಗುವುದೇ ಇಲ್ಲ.

ಎರಡನೆಯದು, ತಿರುಗುವ ಭಾಗವಿಲ್ಲದ ಡಿಸ್ಕ್, ಅಂದರೆ ಎಸ್‌ಎಸ್‌ಡಿ. ಎಚ್61 ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕೊಂಡಿ ಸೆಕೆಂಡಿಗೆ 3 ಗಿಗಾಬಿಟ್‌ದು, ಹೊಸ ಎಸ್‌ಎಸ್‌ಡಿಯ ಪೂರ್ತಿ ವೇಗ ಬರುವುದಿಲ್ಲ. ಆದರೂ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಷ್ಟೋ ವಾಸಿ. ಹೊಸ ಜಾಗಕ್ಕೆ ಓಡಿದಾಗೆಲ್ಲಾ ಗೇಮ್ ಸಾವಿರಾರು ಚೂರು ಓದಬೇಕು, ಬರೆಯಬೇಕು. ಅಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ಈಗ ಬೇಡ. ನಮ್ಮ ಎಸ್‌ಎಂಪಿಎಸ್ (ಕರೆಂಟ್ ಹಂಚುವ ಪೆಟ್ಟಿಗೆ) ಹಳೆಯದು, ಅದರ ಮೇಲೆ ಭಾರ ಹೇರಲು ನನಗೆ ಧೈರ್ಯವಿಲ್ಲ. ಮುಂದೆ ತಂದರೆ ಜಿಟಿ 1030 ತರೋಣ, ಅದು 30 ವಾಟ್‌ನಲ್ಲಿ ಮುಗಿಯುತ್ತದೆ. ಅದರಲ್ಲೂ ಜಿಡಿಡಿಆರ್5 ಮೆಮೊರಿ ಇರುವುದನ್ನೇ. ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ್ದೂ ಮಾರುತ್ತಾರೆ, ಅದು ತುಂಬಾ ನಿಧಾನ. ಅಲ್ಲಿಯವರೆಗೆ ಬೆಳಕು-ನೆರಳು ಚೆಂದ ಮಾಡುವ ಶೇಡರ್ ಆಸೆ ಬಿಡು. ನೀರಿನ ಮೇಲೆ ಬಿಸಿಲು ಹೊಳೆಯುವುದು ಚೆಂದವೇ, ಆದರೆ ಎಚ್‌ಡಿ 2500 ಅದನ್ನು ತಡೆಯುವುದಿಲ್ಲ.

ನೋಟದ ದೂರವನ್ನೂ ಇಳಿಸು. ಅದನ್ನು 12ಕ್ಕೆ ಇಟ್ಟರೆ ನಿನ್ನ ಸುತ್ತ 625 ಚಂಕ್, ಅಂದರೆ ಲೋಕದ ಚೌಕ ತುಂಡುಗಳು, ಇರಬೇಕು. 6ಕ್ಕೆ ಇಳಿಸಿದರೆ 169 ಮಾತ್ರ. ಒಂದೇ ಒಂದು ಸೆಟ್ಟಿಂಗ್ ಬದಲಿಸಿ ಇಷ್ಟು ಹಗುರಾಗುವುದು ಬೇರೆ ಯಾವುದರಿಂದಲೂ ಆಗುವುದಿಲ್ಲ.

ಈಗ ಮುಖ್ಯವಾದ ಮಾತು. ಗೆಳತಿಯರ ಜೊತೆ ಆಡುವಾಗ ಲೋಕವನ್ನು ನಡೆಸುವ ಮಷೀನು ಅವರದ್ದಾಗಿರಲಿ, ನಿನ್ನದಲ್ಲ. ಸರ್ವರ್ ಅವರ ಲ್ಯಾಪ್‌ಟಾಪಿನಲ್ಲಿ ಓಡಿದರೆ ಕೋಳಿ, ಪೈರು, ಕಾರ್ಖಾನೆಯ ಲೆಕ್ಕವೆಲ್ಲಾ ಅಲ್ಲೇ ಮುಗಿಯುತ್ತದೆ. ನಮ್ಮ ಹಳೇ ಪ್ರೊಸೆಸರ್ ಬಂದದ್ದನ್ನು ತೋರಿಸಿದರೆ ಆಯ್ತು. ಆದರೆ ಮಾಡ್‌ಗಳು ಎರಡೂ ಕಡೆ ಅವೇ ಇರಬೇಕು, ವರ್ಷನ್ ಸಮೇತ. ಅಂದರೆ ಅವರು ಆರಿಸಿದ ಪ್ಯಾಕ್‌ನ ಭಾರ ನಿನ್ನ ರ‍್ಯಾಮ್ ಮೇಲೂ ಬೀಳುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಪ್ಯಾಕ್ ಆರಿಸುವಾಗ ನೀನು ಸುಮ್ನೆ ಇರಬೇಡ. ನಮ್ಮ ಮನೆಯ ಮಷೀನು ಇಂಥದ್ದು, ಇಷ್ಟು ತಡೆಯುತ್ತದೆ ಅಂತ ನೇರವಾಗಿ ಹೇಳು. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ ಕಣಮ್ಮ. ನಾಲ್ಕು ಜನ ಸೇರಿ ಆಡುವ ಆಟ ಅಂದಮೇಲೆ ನಾಲ್ಕು ಜನರ ಮಷೀನಿನಲ್ಲೂ ಓಡಬೇಕು, ಅಲ್ವಾ? ನನ್ನ ಮಾತು ಕೇಳುವುದಾದರೆ 1.12.2ರ ಒಂದು ಚಿಕ್ಕ ಪ್ಯಾಕ್ ನೋಡಿ. ಅದು 2017ರ ವರ್ಷನ್, ಜಾವಾ 8 ಸಾಕು. ಅದಕ್ಕೆ ಬಂದಿರುವ ಒಳ್ಳೊಳ್ಳೆ ಮಾಡ್‌ಗಳು ಲೆಕ್ಕವಿಲ್ಲದಷ್ಟು. ಗೇಮನ್ನು ಚುರುಕು ಮಾಡುವ ಆಪ್ಟಿಫೈನ್, ಫೋಮ್‌ಫಿಕ್ಸ್ ಹಾಕಿದರೆ ಇನ್ನೂ ಹಗುರ.

ಮಾಡ್‌ಗಳನ್ನು ಸಿಕ್ಕಸಿಕ್ಕ ಕಡೆಯಿಂದ ಇಳಿಸಬೇಡ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್‌ನಂಥ ದೊಡ್ಡ ಮಾಡ್ ವೆಬ್‌ಸೈಟಿನಲ್ಲೇ ಕೆಲವು ಮಾಡ್‌ಗಳೊಳಗೆ ಫ್ರಾಕ್ಚರೈಸರ್ ಅನ್ನುವ ವೈರಸ್ ಸೇರಿಕೊಂಡಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ (ಭದ್ರತೆಯ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಪ್ರೊಸೆಸರಿಗೆ ಅಧಿಕೃತವಾಗಿ ಬರುವುದಿಲ್ಲ. ಹಾಗಾಗಿ ಬ್ಯಾಂಕಿನ ಕೆಲಸ ಆ ಕಂಪ್ಯೂಟರಿನಲ್ಲಿ ನಾನೂ ಮಾಡುವುದಿಲ್ಲ, ನೀನೂ ಮಾಡಬೇಡ.

ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಹೀಟ್ ಸಿಂಕ್ ಸಂದಿಯಲ್ಲಿ ಅಂಗಡಿಯ ಕಾಗದದ ಧೂಳು ಗಟ್ಟಿಯಾಗಿ ಕೂತಿತ್ತು. ಬ್ರಶ್ ಹಾಕಿ ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ್ದೇನೆ. ನಮ್ಮೂರಿನ ಬೇಸಿಗೆ ಗೊತ್ತಲ್ಲ. ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಮೇಲೆ ನೀನು ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಸಂಜೆ ಗುಡುಗು ಮಳೆ ಬಂದರೆ ಕರೆಂಟ್ ಹೋಗುತ್ತದೆ. ಗೇಮ್ ಬರೆಯುತ್ತಿರುವಾಗ ಕರೆಂಟ್ ಹೋದರೆ ನೀನು ಒಂಟಿಯಾಗಿ ಕಟ್ಟಿದ ಲೋಕ ಕೆಟ್ಟುಹೋಗಬಹುದು. ಅಂಗಡಿಯ ಯುಪಿಎಸ್ ಒಂದನ್ನು ಮನೆಗೆ ತರುತ್ತೇನೆ. ನೀನು ದಿನಾ ಆಟ ಮುಗಿಸಿ ಆ ಲೋಕ ಇರುವ ಸೇವ್ಸ್ ಫೋಲ್ಡರ್ ಅನ್ನು ಪೆನ್ ಡ್ರೈವಿಗೆ ಕಾಪಿ ಮಾಡಿಡು.

ನಿನ್ನ ಆಟಕ್ಕೆ ಇಷ್ಟೆಲ್ಲಾ ಯಾಕೆ ಅಂತ ನಿಮ್ಮಮ್ಮ ಕೇಳಲಿಲ್ಲ. ರ‍್ಯಾಮ್ ಯಾವಾಗ ತರ್ತೀರಿ ಅಂತಷ್ಟೇ ಕೇಳಿದಳು. ವರ್ಷವಿಡೀ ಓದಿ ದಣಿದು ಬರುವ ಮಗಳು ಗೆಳತಿಯರ ಜೊತೆ ಕೂತು ಊರು ಕಟ್ಟುತ್ತೀನಿ ಅಂದರೆ ಅದು ನಮಗೂ ಬೇಕಾದದ್ದೇ.

ಪ್ಯಾಕ್ ಯಾವುದು ಅಂತ ನೀವು ನಾಲ್ವರೂ ತೀರ್ಮಾನ ಮಾಡಿದ ಮೇಲೆ ಹೆಸರು, ವರ್ಷನ್ ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸು. ನಾನು ರಾತ್ರಿ ಡೌನ್‌ಲೋಡ್‌ಗೆ ಹಾಕಿಡುತ್ತೇನೆ.

ಇಂತಿ,
ನಿನ್ನ ಅಪ್ಪ